ಮಾತ್ರೆ ಮತ್ತು ಚಕ್ಕೋತ

ಪುತ್ತೂರಿಗೆ ಪ್ರತಿ ಗುರುವಾರ ಬರುವ ನರರೋಗ ತಜ್ಞೆ ನನಗೆ ಬರೆದುಕೊಟ್ಟ ಚೀಟಿಯಲ್ಲಿ ಮಾತ್ರೆ ಇದ್ದದ್ದು ಒಂದೇ, ‘ಬೇಡ’ಗಳು ಐದು. ಸ್ಕೂಟರ್ ಬೇಡ. ಕೆರೆ, ಹೊಳೆ ಬೇಡ. ಎತ್ತರ ಹತ್ತುವುದು ಬೇಡ. ಬಚ್ಚಲಿನ ಬಾಗಿಲಿಗೆ ಚಿಲಕ ಬೇಡ. ಐದನೆಯದನ್ನು ಬರೆಯುವ ಮೊದಲು ಅವರು ನನ್ನ ಕೆಲಸದ ಬಗ್ಗೆ ಕೇಳಿದರು. ನಾನು ವಿವರಿಸಿದೆ. ಬರೆಯುತ್ತಿದ್ದ ಪೆನ್ನು ನಿಂತಿತು.

“ಆ ರೋಲರಿಗೆ ಕೈ ಸಿಕ್ಕದ ಹಾಗೆ ಗಾರ್ಡ್ ಉಂಟಾ?”

“ಇಲ್ಲ.”

“ಹಾಗಾದರೆ ರೋಲರ್ ಬೇಡ,” ಎಂದು ಬರೆದು ಅಡಿಗೆರೆ ಎಳೆದರು.

ಪೆರಾಬೆಯ ಹತ್ತಿರ ರಬ್ಬರ್ ಹಾಲು ಸಂಗ್ರಹಿಸುವ ಒಂದು ಕೇಂದ್ರದಲ್ಲಿ ನಾನು ಪರೀಕ್ಷಕಿ. ಸುತ್ತಲಿನ ತೋಟಗಳಲ್ಲಿ ತೊಗಟೆ ಕೊಯ್ದು ಹಾಲಿಳಿಸುವ ಟ್ಯಾಪಿಂಗ್ ಮುಗಿಸಿದವರು ಒಂಬತ್ತು ಗಂಟೆಯಿಂದ ಕ್ಯಾನುಗಳಲ್ಲಿ ಹಾಲು ತರುತ್ತಾರೆ. ಆ ಹಾಲಿನಲ್ಲಿ ನೀರೆಷ್ಟು, ಒಣ ರಬ್ಬರ್ ಎಷ್ಟು ಎಂದು ಹೇಳುವುದು ನನ್ನ ಕೆಲಸ. ಈ ಶೇಕಡಾ ಲೆಕ್ಕವನ್ನು ಎಲ್ಲರೂ ಡಿಆರ್‌ಸಿ ಎನ್ನುತ್ತಾರೆ. ಹಾಲನ್ನು ಸೋಸಿ, ಕಲಕಿ, ಹತ್ತು ಗ್ರಾಂ ತೂಗಿ ತಟ್ಟೆಗೆ ಹಾಕುತ್ತೇನೆ. ನೀರು ಬೆರೆಸಿ, ತೆಳು ಅಸಿಟಿಕ್ ಆಮ್ಲ ಹನಿಸಿ, ಕುದಿಯುವ ನೀರಿನ ಮೇಲೆ ಇಡುತ್ತೇನೆ. ಹಾಲು ಹೆಪ್ಪುಗಟ್ಟಿ, ಕೆಳಗಿನ ನೀರು ತಿಳಿಯಾಗಬೇಕು. ಆ ಬಿಳಿ ಗಟ್ಟಿಯನ್ನು ತಿರುಗುವ ಎರಡು ಕಬ್ಬಿಣದ ಉರುಳೆಗಳ ನಡುವೆ ನಾಲ್ಕಾರು ಸಲ ಹಾಯಿಸಿ ತೆಳು ಹಾಳೆ ಮಾಡಬೇಕು. ಅದೇ ರೋಲರ್. ಹಾಳೆಯನ್ನು ತೊಳೆದು, ಎಪ್ಪತ್ತು ಡಿಗ್ರಿಯ ಓವನಿನಲ್ಲಿ ಮರುದಿನ ಬೆಳಗಿನವರೆಗೆ ಒಣಗಿಸಿ, ತಣಿಸಿ, ಮತ್ತೆ ತೂಗುತ್ತೇನೆ. ಹತ್ತು ಗ್ರಾಂ ಹಾಲಿನಿಂದ ಮೂರೂವರೆ ಗ್ರಾಂ ಹಾಳೆ ಬಂದರೆ ಡಿಆರ್‌ಸಿ ಮೂವತ್ತೈದು.

ಲ್ಯಾಬಿನಲ್ಲಿ ಇರುವುದು ಇಬ್ಬರೇ. ತೂಕ ಮತ್ತು ಆಮ್ಲ ನನ್ನದು. ರೋಲರ್ ನನಗಿಂತ ಇಪ್ಪತ್ತೈದು ವರ್ಷ ಹಿರಿಯರಾದ ಒಬ್ಬ ಅಕ್ಕನದು. ಅವರ ಮನೆಮಾತು ತುಳು. ನನ್ನೊಡನೆ ಕನ್ನಡದಲ್ಲಿ ಮಾತನಾಡುತ್ತಾರೆ. ನಾನು ಅವರನ್ನು ಅಕ್ಕ ಎಂದೂ ಅವರು ನನ್ನನ್ನು ಮೇಡಂ ಎಂದೂ ಕರೆಯುತ್ತೇವೆ. ಎರಡೂ ಕಡೆ ಒಂದೇ ಗೌರವ.

ನವರಾತ್ರಿ ಮುಗಿದ ವಾರ ಅಕ್ಕ ಕೈ ತೊಳೆಯಲು ಹೋಗಿದ್ದಾಗ ಉಳಿದಿದ್ದ ಒಂದು ಗಟ್ಟಿಯನ್ನು ನಾನೇ ರೋಲರಿಗೆ ಕೊಡಲು ನಿಂತೆ. ಆಮೇಲಿನದು ನನಗೆ ನೆನಪಿಲ್ಲ. ಅಕ್ಕ ಹಿಂದಿರುಗಿದಾಗ ಮೋಟರ್ ತಿರುಗುತ್ತಿತ್ತು, ಗಟ್ಟಿ ನೆಲದಲ್ಲಿತ್ತು, ನಾನು ಉರುಳೆಗಳಿಂದ ಒಂದು ಗೇಣು ದೂರದಲ್ಲಿ ಕೈಯಿಟ್ಟುಕೊಂಡು ಗೋಡೆ ನೋಡುತ್ತಿದ್ದೆನಂತೆ. “ಎಂತ ಮೇಡಂ, ನಿಂತಲ್ಲೇ ನಿದ್ದೆಯಾ? ಮೂರು ಸಲ ಕರೆದೆ ಮಾರಾಯ್ರೆ,” ಎಂದು ನಕ್ಕರು. ನಾನೂ ನಕ್ಕೆ. ಆದರೆ ಎರಡು ವರ್ಷಗಳಿಂದ ಆಗಾಗ ಹೊಟ್ಟೆಯಿಂದ ಏನೋ ಎದ್ದು ಗಂಟಲಿಗೆ ಬರುವುದು, ಅದರ ಹಿಂದೆಯೇ ಈ ಕ್ಷಣ ಹಿಂದೊಮ್ಮೆ ನಡೆದಿತ್ತು ಎನಿಸುವುದು ನನಗೆ ಗೊತ್ತಿತ್ತು. ಗ್ಯಾಸ್ಟ್ರಿಕ್ ಎಂದು ನಂಬಿ ಔಷಧಿ ಕುಡಿದಿದ್ದೆ. ಗ್ಯಾಸ್ಟ್ರಿಕ್ಕಿನಲ್ಲಿ ಒಂದು ನಿಮಿಷ ಕಾಣೆಯಾಗುವುದಿಲ್ಲ ಎಂಬಷ್ಟು ನನಗೆ ತಿಳಿಯುತ್ತದೆ.

ಸುಳ್ಯದಲ್ಲಿ ಇಇಜಿ, ಸ್ಕ್ಯಾನ್ ಎರಡೂ ಆದವು. ವರದಿ ನೋಡಿದ ತಜ್ಞೆ ಮೇಜಿನ ಮೇಲಿನ ಕಾಗದದಲ್ಲಿ ಒಂದು ತಲೆ ಬರೆದು, ಎಡಗಿವಿಯ ಮೇಲೆ ಚುಕ್ಕಿಯಿಟ್ಟರು. “ಪಾರ್ಶಿಯಲ್ ಸೀಜರ್. ಸೆಳವು ಇಲ್ಲಿಂದ ಹೊರಡ್ತದೆ, ಇಷ್ಟರಲ್ಲೇ ಸುತ್ತಾಡ್ತದೆ. ಬಿದ್ದು ಒದ್ದಾಡಿದರೆ ಮಾತ್ರ ಫಿಟ್ಸ್ ಅಂತ ಅಲ್ಲ. ಮಾತ್ರೆಗೆ ಬಗ್ಗುವ ಜಾತಿಯದ್ದು, ಹೆದರ್ಬೇಡಿ.”

ಅಮ್ಮ ನನ್ನ ಜೊತೆಗಿದ್ದರು. ನರಿಮೊಗರಿನ ಮನೆಗೆ ಹಿಂದಿರುಗುವ ಬಸ್ಸಿನಲ್ಲಿ ಹೇಳಿದರು: “ಯಾರ ಹತ್ತಿರವೂ ಹೇಳುದು ಬೇಡ. ಕೇಳಿದರೆ ಮೈಗ್ರೇನ್ ಅಂತ ಹೇಳು. ಅದಕ್ಕೆ ಈಗ ಒಳ್ಳೆ ಮರ್ಯಾದೆ ಉಂಟು.”

ಅಮ್ಮ ಹೇಳಿದರೆಂದು ನಾನು ಒಪ್ಪಿದ್ದಲ್ಲ. ನನಗೂ ಅದೇ ಬೇಕಿತ್ತು. ಹೇಳಿದರೆ ನನ್ನನ್ನು ಲ್ಯಾಬಿನಿಂದ ಎಬ್ಬಿಸಿ ಆಫೀಸಿನ ಯಾವುದೋ ಮೂಲೆಯಲ್ಲಿ ಕೂರಿಸುತ್ತಾರೆ, ಕರುಣೆಯಿಂದಲೇ ಕೂರಿಸುತ್ತಾರೆ ಎಂದು ನನಗೆ ಖಾತ್ರಿಯಿತ್ತು. ಆ ತಕ್ಕಡಿಯ ಮುಂದೆ ಕೂರುವುದು ನನಗೆ ಇಷ್ಟ. ಇಷ್ಟವಾದ ಕೆಲಸವನ್ನು ಕರುಣೆಗೆ ಬಿಟ್ಟುಕೊಡಲು ಮನಸ್ಸಿರಲಿಲ್ಲ.

ಮಾತ್ರೆಯ ಹೆಸರು ಕಾರ್ಬಮಜೆಪೈನ್. ಮೊದಲ ವಾರ ಬೆಳಿಗ್ಗೆ ನೂರು ಮಿಲಿಗ್ರಾಂ, ಸಂಜೆ ನೂರು. ಎರಡನೇ ವಾರದಿಂದ ಇನ್ನೂರು, ಇನ್ನೂರು. ಮೈಯಲ್ಲಿ ದದ್ದು ಎದ್ದರೆ ಕೂಡಲೇ ಫೋನ್ ಮಾಡಬೇಕು. ತಾನಾಗಿ ನಿಲ್ಲಿಸಕೂಡದು. ನಾನು ಒಂದು ನೋಟುಬುಕ್ಕಿಗೆ ಗೆರೆ ಹಾಕಿದೆ: ಮಾತ್ರೆಯ ಹೊತ್ತು, ನಿದ್ದೆ, ಸೆಳವು, ಇತರೆ. ಡಬ್ಬಿಯೊಳಗಿನ ಮಡಚಿದ ಕಾಗದವನ್ನು ಬಿಡಿಸಿ, ಇರುವೆಯಷ್ಟು ಚಿಕ್ಕ ಅಕ್ಷರಗಳನ್ನು ಪೆನ್ಸಿಲ್ ಹಿಡಿದು ಪೂರ್ತಿ ಓದಿದೆ. ನನಗೆ ಸಂಬಂಧಿಸಿದ್ದಕ್ಕೆ ಸರಿ ಗುರುತು, ಉಳಿದದ್ದಕ್ಕೆ ಅಡ್ಡಗೆರೆ. ಮದ್ಯ: ಅಡ್ಡಗೆರೆ. ಗ್ರೇಪ್‌ಫ್ರೂಟ್ ರಸ: ಅದು ವಿದೇಶದ ಹಣ್ಣು, ನಮ್ಮ ಅಂಗಡಿಗಳಲ್ಲಿ ಕಂಡದ್ದಿಲ್ಲ. ಅಡ್ಡಗೆರೆ.

ಮೊದಲ ವಾರ ಬರೀ ನಿದ್ದೆ. ಸ್ಕೂಟರ್ ಇಲ್ಲದ್ದರಿಂದ ಬಸ್ಸು. ಬಸ್ಸು ಹೊರಟೊಡನೆ ಕಣ್ಣು ಮುಚ್ಚುತ್ತಿತ್ತು. ಮೂರನೇ ದಿನ ಇಳಿಯುವ ಸ್ಟಾಪ್ ಕಳೆದು ಕಡಬ ತಲುಪಿದೆ. “ಮೇಡಂ, ಇವತ್ತು ಕಡಬ ನೋಡ್ಲಿಕ್ಕುಂಟಾ?” ಎಂದು ಕಂಡಕ್ಟರ್ ಕೇಳಿದರು. ಮರುದಿನದಿಂದ ನನ್ನ ಸ್ಟಾಪಿಗೆ ಎರಡು ನಿಮಿಷ ಇರುವಾಗ, ಹೇಳದೆಯೇ, ನನ್ನ ಸೀಟಿನ ಕಂಬಿಗೆ ನಾಣ್ಯದಿಂದ ಕುಟ್ಟತೊಡಗಿದರು. ಮನೆಯಲ್ಲಿ ನಾನು ಚಿಲಕ ಹಾಕದೆ ಸ್ನಾನಕ್ಕೆ ಹೋದರೆ ಅಮ್ಮನಿಗೆ ಬಚ್ಚಲಿನ ಹೊರಗೆ ಕಸಬರಿಕೆ ಕೆಲಸ ಹುಟ್ಟಿಕೊಳ್ಳುತ್ತಿತ್ತು. ಒಂದೇ ಜಾಗವನ್ನು ಹತ್ತು ನಿಮಿಷ ಗುಡಿಸುತ್ತಿದ್ದರು. ನಾನು ಬಕೆಟಿನ ಸದ್ದು ಮಾಡುತ್ತಲೇ ಇರುತ್ತಿದ್ದೆ, ಅವರಿಗೆ ಕೇಳಲಿ ಎಂದು.

ಲ್ಯಾಬಿನಲ್ಲಿ ಮೈಗ್ರೇನ್ ಎಂದೇ ಹೇಳಿದೆ. ಅಕ್ಕ ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟು ಗಂಭೀರರಾದರು.

“ಅದು ಉಷ್ಣದಿಂದ ಬರುದು. ಇಂಗ್ಲಿಷ್ ಮಾತ್ರೆ ಅದಕ್ಕಿಂತ ಉಷ್ಣ. ಉಷ್ಣದ ಮೇಲೆ ಉಷ್ಣ ಹಾಕಿದರೆ ತಲೆ ಎಂತ ಆಗ್ಬೇಕು, ಹೇಳಿ? ತಂಪು ಮಾಡ್ಬೇಕು.”

“ತಂಪು ಎಂತದ್ದು ಅಕ್ಕ?”

“ನಾಳೆ ನೋಡಿ.”

ಮರುದಿನ ತಂದದ್ದು ಚಕ್ಕೋತ. ಅವರ ಮನೆಯ ಬಾವಿಕಟ್ಟೆಯ ಪಕ್ಕದ ಮರದ್ದು, ಚಿಕ್ಕ ಮಗುವಿನ ತಲೆಯಷ್ಟು ದೊಡ್ಡದು. ಹತ್ತು ಗಂಟೆಯ ಚಹಾದ ಹೊತ್ತಿಗೆ ದಪ್ಪ ಸಿಪ್ಪೆ ಬಿಡಿಸಿ, ಒಂದೊಂದು ತೊಳೆಯ ಬಿಳಿ ಪೊರೆಯನ್ನೂ ಸುಲಿದು, ಗುಲಾಬಿ ಬಣ್ಣದ ತಿರುಳನ್ನು ಬುತ್ತಿಯ ಮುಚ್ಚಳದಲ್ಲಿ ಉದುರಿಸಿ, ಚಿಟಿಕೆ ಉಪ್ಪು ಹಾಕಿ ಮುಂದಿಟ್ಟರು. ರೋಲರಿನಲ್ಲಿ ದಿನಕ್ಕೆ ಮೂವತ್ತು ಗಟ್ಟಿ ಒತ್ತುವ ಬೆರಳುಗಳು ಆ ಪೊರೆಯನ್ನು ಒಂದು ಹನಿ ರಸ ಚೆಲ್ಲದೆ ಬಿಡಿಸುತ್ತಿದ್ದವು. ಬೇಡ ಎಂದರೆ, “ತಿನ್ನಿ ಮೇಡಂ, ಮರ ಬಗ್ಗಿ ನೆಲ ಮುಟ್ಟಿದೆ, ತಿನ್ನುವವರಿಲ್ಲ” ಎನ್ನುತ್ತಿದ್ದರು. ನಿಜ ಹೇಳಬೇಕೆಂದರೆ ನನಗೆ ರುಚಿಸಿತು. ದಿನವೂ ಅರ್ಧ ಹಣ್ಣು ತಿನ್ನತೊಡಗಿದೆ. ರೋಲರಿನ ಹತ್ತಿರ ಹೋಗದಿರಲು ಕಷ್ಟವಿರಲಿಲ್ಲ. ಅದು ಅಕ್ಕನ ರಾಜ್ಯ.

ಮೂರನೇ ವಾರ ಅಂಕೆಗಳು ಎರಡಾದವು. ಬೆಳಿಗ್ಗೆ ಎಂಟಕ್ಕೆ ಮಾತ್ರೆ. ಹತ್ತೂವರೆ, ಹನ್ನೊಂದರ ಹೊತ್ತಿಗೆ ತಕ್ಕಡಿಯ ಕೆಂಪು ಅಂಕೆಗಳ ಪಕ್ಕದಲ್ಲೇ ಅವುಗಳ ಮಾಸಲು ಜೋಡಿ ಬಂದು ನಿಲ್ಲುತ್ತಿತ್ತು. ನೆಲ ಸ್ವಲ್ಪ ತೇಲುತ್ತಿತ್ತು. ನೋಟುಬುಕ್ಕಿನಲ್ಲಿ ಬರೆದೆ: ದ್ವಿದೃಷ್ಟಿ, ನಲವತ್ತು ನಿಮಿಷ. ಮರುದಿನ: ಒಂದು ಗಂಟೆ. ಅದರ ಮರುದಿನ: ಎರಡು ಗಂಟೆ. ಒಂದು ಕಣ್ಣು ಮುಚ್ಚಿದರೆ ಅಂಕೆ ಒಂದೇ ಕಾಣುವುದನ್ನು ಕಂಡುಕೊಂಡು ಹಾಗೆಯೇ ಓದತೊಡಗಿದೆ.

“ಯಾರಿಗೆ ಕಣ್ಣು ಹೊಡೀತಾ ಇದ್ದೀರಿ ಮೇಡಂ? ತಕ್ಕಡಿಗಾ?” ಎಂದು ಅಕ್ಕ ಕೇಳಿದರು. “ಪಾಪದ್ದು, ನಾಚಿ ತೂಕ ಕಮ್ಮಿ ತೋರಿಸೀತು.”

ಅವರು ತಮಾಷೆಗೆ ಹೇಳಿದ್ದು ನಾಲ್ಕೇ ದಿನದಲ್ಲಿ ನಡೆಯಿತು. ಆ ಶನಿವಾರ ಒಬ್ಬ ಹಿರಿಯ ಕೃಷಿಕರು ಕೇಂದ್ರದ ಮ್ಯಾನೇಜರರ ಮುಂದೆ ಬಂದು ನಿಂತರು. ಅವರ ಹಾಲಿಗೆ ನಾನು ಮೂವತ್ತಮೂರು ಬರೆದಿದ್ದೆ. ಅವರದು ಯಾವಾಗಲೂ ಮೂವತ್ತೆಂಟರ ಆಚೆ ಈಚೆ. ಧ್ವನಿ ಏರಿಸಲಿಲ್ಲ. “ನಾನು ಹಾಲಿಗೆ ನೀರು ಹಾಕುವವನಲ್ಲ ಅಂತ ನಿಮಗೆ ಗೊತ್ತುಂಟು. ಮೇಡಂಗೆ ಗೊತ್ತುಂಟಾ ಅಂತ ಕೇಳ್ಲಿಕ್ಕೆ ಬಂದದ್ದು,” ಎಂದರು.

ಒಣಗಿದ ಹಾಳೆಗಳನ್ನು ವಾರದವರೆಗೆ ತೆಗೆದಿಡುವುದು ನಮ್ಮ ಪದ್ಧತಿ. ಅವರದನ್ನು ಹುಡುಕಿ, ಒಂದು ಕಣ್ಣನ್ನು ಕೈಯಲ್ಲಿ ಮುಚ್ಚಿ ಮತ್ತೆ ತೂಗಿದೆ. ಮೂರು ಪಾಯಿಂಟ್ ಎಂಟು ಒಂದು. ಎಂಟನ್ನು ನಾನು ಮೂರು ಎಂದು ಓದಿದ್ದೆ. ಅವರ ಕ್ಷಮೆ ಕೇಳಿದೆ. ಅವರು ತಲೆಯಾಡಿಸಿ ಹೋದರು. ಮ್ಯಾನೇಜರು ನನ್ನನ್ನು ಬಯ್ದಿದ್ದರೆ ಸುಲಭವಾಗುತ್ತಿತ್ತು. ಅವರು, “ಎಂತ ಮಾರಾಯ್ರೆ, ನಮ್ಮ ಮೇಡಂ ತಪ್ಪಿದರೆ ಅದು ತಕ್ಕಡಿಯದ್ದೇ ತಪ್ಪು ಅಂತ ನಾನು ಅವರತ್ರ ವಾದ ಮಾಡಿದ್ದೆ!” ಎಂದು ನಕ್ಕರು. ಮಧ್ಯಾಹ್ನ ಆ ವಾರದ ಎಲ್ಲ ಹಾಳೆಗಳನ್ನೂ ಹೊರತೆಗೆದು ಪುನಃ ತೂಗಿದೆ. ಇನ್ನೊಂದು ತಪ್ಪು ಸಿಕ್ಕಿತು, ಅದು ಯಾರೂ ಬಂದು ಕೇಳದೇ ಇದ್ದದ್ದು.

ಆ ರೀತಿ ತೂಗುತ್ತ ಕೂತಾಗ ಮಾತ್ರೆ ಬಿಟ್ಟುಬಿಡುವ ಯೋಚನೆ ಬಂತು. ಸೆಳವು ಬರುತ್ತಿದ್ದದ್ದು ತಿಂಗಳಿಗೆ ಎರಡು ಮೂರು ಸಲ. ಮಾತ್ರೆಯಿಂದ ದಿನವೂ ಕಣ್ಣು ಹೋಗುತ್ತಿದೆ. ಯಾವುದು ಕಡಿಮೆ ಕೆಟ್ಟದ್ದು? ನನ್ನ ಮಟ್ಟಿಗೆ ಇದು ಲೆಕ್ಕದ ಪ್ರಶ್ನೆಯಾಗಿ ಕಂಡಿತು, ಹಾಗೆ ಕಂಡದ್ದೇ ನನ್ನನ್ನು ಹೆದರಿಸಿತು. ಸೋಮವಾರ ಫೋನ್ ಮಾಡಿದೆ. ತಜ್ಞೆ ರಕ್ತ ಪರೀಕ್ಷೆ ಹೇಳಿದರು, ಗುರುವಾರ ವರದಿ ನೋಡಿದರು.

“ರಕ್ತದಲ್ಲಿ ಮಾತ್ರೆಯ ಮಟ್ಟ ಮೇಲೆ ಉಂಟು. ಅಪಾಯದಷ್ಟಲ್ಲ. ಆದರೆ ವಿಚಿತ್ರ. ಮೂರು ನಾಲ್ಕು ವಾರ ಆಗುವಾಗ ಮೈ ಈ ಮಾತ್ರೆಯನ್ನು ಬೇಗ ಕರಗಿಸ್ಲಿಕ್ಕೆ ಕಲೀತದೆ. ಮಟ್ಟ ಇಳೀಬೇಕು. ನಿಮ್ಮದು ಏರಿದೆ. ಬೇರೆ ಎಂತಾದರೂ ತಕ್ಕೊಳ್ತೀರಾ? ಆಂಟಿಬಯಾಟಿಕ್? ಕಷಾಯ?”

“ಇಲ್ಲ,” ಎಂದೆ. ಪೂರ್ತಿ ಪ್ರಾಮಾಣಿಕವಾಗಿಯೇ ಎಂದೆ.

“ಈ ಮಾತ್ರೆ ಶುರುವಾದ ಮೇಲೆ ಒಂದೂ ಸೆಳವು ಬಂದಿಲ್ಲ. ಬಿಡ್ಲಿಕ್ಕೆ ನನಗೆ ಮನಸ್ಸಿಲ್ಲ. ಒಂದು ವಾರ ಬಾಯಿಗೆ ಹೋದದ್ದೆಲ್ಲ ಬರೀರಿ, ನೀರು ಬಿಟ್ಟು. ಆಮೇಲೂ ಹೀಗೇ ಇದ್ದರೆ ಮಾತ್ರೆ ಬದಲಿಸುವ. ಹೊಸತು ಮತ್ತೆ ಒಂದರಿಂದ ಶುರು, ಅಷ್ಟೇ.”

ಅಷ್ಟೇ ಎಂದು ಅವರು ಹೇಳಿದ್ದು ನನಗೆ ಇನ್ನೂ ಆರು ವಾರದ ತೂಕಡಿಕೆ ಎಂದು ಕೇಳಿಸಿತು.

ಮರುವಾರ ಅಕ್ಕನ ಮಗಳ ಸೀಮಂತ. ಸುಳ್ಯದ ಕಡೆಯ ಮನೆಗೆ ಸೋಮವಾರದಿಂದ ನಾಲ್ಕು ದಿನ ಹೋಗಬೇಕಿತ್ತು. ಶನಿವಾರ ಸಂಜೆ ಉರುಳೆಗಳನ್ನು ಒರೆಸಿ, ಎಣ್ಣೆ ಬಿಟ್ಟು, “ನಾಲ್ಕು ದಿನ ಚಕ್ಕೋತ ಇಲ್ಲ ಮೇಡಂ. ತಲೆ ಜಾಗ್ರತೆ ಮಾಡಿ,” ಎಂದರು. ಮ್ಯಾನೇಜರು ಬಾಗಿಲಲ್ಲಿ ನಿಂತು, “ರೋಲರ್ ನಾಲ್ಕು ದಿನ ನೀವೇ ನೋಡ್ಕೊಳ್ತೀರಲ್ಲ?” ಎಂದು ಕೇಳಿದರು. ಆಗದು ಎನ್ನಲು ಕಾರಣ ಹೇಳಬೇಕು. ಮೈಗ್ರೇನ್ ಇದ್ದವರು ರೋಲರ್ ತಿರುಗಿಸಬಾರದು ಎಂದರೆ ಯಾರು ನಂಬುತ್ತಾರೆ? ನಾನು ಹೂಂ ಎಂದೆ.

ಸೋಮವಾರ ಇಪ್ಪತ್ತೆಂಟು ಗಟ್ಟಿ, ಮಂಗಳವಾರ ಇಪ್ಪತ್ತಾರು. ಕೈಯಿಂದ ಮುಟ್ಟದಂತೆ ಮರದ ಪಟ್ಟಿಯಿಂದ ತಳ್ಳಿದೆ. ಆದರೂ ಪ್ರತಿ ಗಟ್ಟಿಯ ಕೊನೆಯಲ್ಲಿ ಹಾಳೆಯ ತುದಿಯನ್ನು ಬೆರಳಿಂದಲೇ ಮಡಚಿ ಕೊಡಬೇಕು, ಬೇರೆ ದಾರಿಯಿಲ್ಲ. ಮೋಟರ್ ನಿಲ್ಲಿಸುವ ಸ್ವಿಚ್ಚು ನಾಲ್ಕು ಹೆಜ್ಜೆ ಆಚೆ ಗೋಡೆಯಲ್ಲಿದೆ.

ಬುಧವಾರ ಹನ್ನೊಂದು ಗಂಟೆಗೆ ತೂಕ ಓದುವಾಗ ಎರಡೂ ಕಣ್ಣು ತೆರೆದೇ ಇದ್ದೆ ಎಂದು ಗಮನಿಸಿದೆ. ಅಂಕೆಗಳು ಒಂಟಿಯಾಗಿ, ಚೂಪಾಗಿ ನಿಂತಿದ್ದವು. ನೋಟುಬುಕ್ ತೆಗೆದೆ. ಮಾತ್ರೆ ಅದೇ, ಹೊತ್ತು ಅದೇ, ಊಟ ಅದೇ. ಮೂರು ದಿನದಿಂದ ಇಲ್ಲದ್ದು ಒಂದೇ ಸಾಲು. ಹಿಂದಿನ ಶುಕ್ರವಾರ, ಶನಿವಾರದ ಪುಟಗಳಲ್ಲಿ ಹತ್ತು ಗಂಟೆಯ ಎದುರು ಎರಡೂ ದಿನ ಅದನ್ನೇ ಬರೆದಿದ್ದೆ: ಚಹಾ, ಅರ್ಧ ಚಕ್ಕೋತ.

ಬ್ಯಾಗಿನಿಂದ ಡಬ್ಬಿಯ ಕಾಗದ ಹೊರತೆಗೆದೆ. ನಾನು ಅಡ್ಡಗೆರೆ ಹಾಕಿದ ಹಣ್ಣಿನ ಬಗ್ಗೆ ಫೋನಿನಲ್ಲಿ ಹುಡುಕಿ ಓದಿದೆ. ಚಕ್ಕೋತ ಮತ್ತು ಕಿತ್ತಳೆಯ ಬೆರಕೆಯಿಂದ ಹುಟ್ಟಿದ್ದಂತೆ ಅದು. ಕರುಳಿನಲ್ಲಿ ಈ ಮಾತ್ರೆಯನ್ನು ಒಡೆಯುವ ಕಿಣ್ವವನ್ನು ಅದು ತಡೆಯುತ್ತದೆ. ತಾಯಿ ಹಣ್ಣಿಗೂ ಅದೇ ಗುಣವಿದೆ. ರಸಾಯನಶಾಸ್ತ್ರದಲ್ಲಿ ಎಂಎಸ್ಸಿ ಮಾಡಿದವಳು ನಾನು. ಅಂಗಡಿಯಲ್ಲಿ ಇಲ್ಲದ್ದು ಊರಿನಲ್ಲೇ ಇಲ್ಲ ಎಂದು ತೀರ್ಮಾನಿಸಿದ್ದೆ. ಚಕ್ಕೋತವನ್ನು ನಮ್ಮಲ್ಲಿ ಯಾರು ಅಂಗಡಿಯಿಂದ ತರುತ್ತಾರೆ? ಅದು ಯಾರದೋ ಮನೆಯಿಂದ ಬರುವ ಹಣ್ಣು.

ಬಹಳ ದಿನಗಳ ನಂತರ ಒಬ್ಬಳೇ ಕೂತು ನಕ್ಕೆ. ಜೊತೆಗೇ ಒಂದು ಜಾಣ ಉಪಾಯವೂ ಹೊಳೆಯಿತು. ಅಕ್ಕ ಬಂದ ಮೇಲೆ ಹುಳಿ ತಿಂದರೆ ಹಲ್ಲು ಜುಮ್ಮೆನ್ನುತ್ತದೆ ಎಂದರಾಯಿತು. ಯಾರಿಗೂ ಏನೂ ಹೇಳಬೇಕಾಗಿಲ್ಲ.

ಗುರುವಾರ ಹದಿನೇಳನೇ ಗಟ್ಟಿಯನ್ನು ರೋಲರಿಗೆ ಕೊಡುತ್ತಿದ್ದಾಗ ಹೊಟ್ಟೆಯಿಂದ ಅದು ಎದ್ದಿತು. ಐದು ವಾರಗಳ ನಂತರ, ಗುರುತು ಹಿಡಿಯಲು ಕಷ್ಟವೇ ಇಲ್ಲದಂತೆ. ಕೈಬಿಟ್ಟೆ. ಹಿಂದೆ ಸರಿದೆ. ಸ್ವಿಚ್ಚಿನವರೆಗಿನ ನಾಲ್ಕು ಹೆಜ್ಜೆಗಳನ್ನು ಎಣಿಸಿಕೊಂಡು ನಡೆದೆ, ಒತ್ತಿದೆ, ಗೋಡೆಗೆ ಬೆನ್ನು ಕೊಟ್ಟು ನೆಲದಲ್ಲಿ ಕೂತೆ. ಅದು ಗಂಟಲವರೆಗೆ ಬಂದು ಅಲ್ಲಿಂದಲೇ ಇಳಿದುಹೋಯಿತು. ಇಪ್ಪತ್ತು ಸೆಕೆಂಡು ಇರಬಹುದು. ಎಚ್ಚರ ತಪ್ಪಲಿಲ್ಲ.

ಮೋಟರ್ ನಿಂತದ್ದು ಕೇಳಿ ಮ್ಯಾನೇಜರು ಬಂದರು. “ಎಂತಾಯ್ತು? ಕರೆಂಟ್ ಹೋಯ್ತಾ?”

ಗ್ಯಾಸ್ಟ್ರಿಕ್ ಎಂಬ ಮಾತು ನಾಲಿಗೆಯ ಮೇಲೆ ಸಿದ್ಧವಾಗಿತ್ತು. ಎದುರಿಗೆ ಉರುಳೆಗಳ ನಡುವೆ ಆ ಬಿಳಿ ಗಟ್ಟಿ ಅರ್ಧ ಒಳಗೆ ಅರ್ಧ ಹೊರಗೆ ಸಿಕ್ಕಿಕೊಂಡಿತ್ತು.

“ನನಗೆ ಫಿಟ್ಸ್ ಉಂಟು ಸಾರ್,” ಎಂದೆ.

“ಫಿಟ್ಸಾ? ನೀವು ಬಿದ್ದದ್ದು ಯಾವತ್ತೂ ನೋಡ್ಲಿಲ್ಲ ನಾನು.”

“ಬೀಳುದಿಲ್ಲ. ಒಂದು ನಿಮಿಷ ಇದ್ದೂ ಇಲ್ಲದ ಹಾಗೆ ಆಗ್ತೇನೆ.”

“ಅದು ನನಗೆ ಮೀಟಿಂಗಿನಲ್ಲಿ ದಿನಾ ಆಗ್ತದೆ ಮಾರಾಯ್ರೆ,” ಎಂದವರು ನನ್ನ ಮುಖ ನೋಡಿ ನಿಲ್ಲಿಸಿದರು. ರೋಲರಿನ ಕಡೆಗೊಮ್ಮೆ ನೋಡಿದರು, ನನ್ನ ಕೈಗಳ ಕಡೆಗೊಮ್ಮೆ. “ನಾಲ್ಕು ದಿನ ನೀವು ಇದರ ಎದುರು ನಿಂತದ್ದಾ? ನಾನು ಹೇಳಿದೆ ಅಂತ?”

“ನಾನು ಹೇಳ್ಲಿಲ್ಲ ಅಂತ.”

ಅವರು ಕುರ್ಚಿ ತಂದು ನನ್ನನ್ನು ಕೂರಿಸಿದರು. ಆಮೇಲೆ ಅಂಗಿಯ ತೋಳು ಮಡಚಿ, ಮೋಟರ್ ಹಾಕಿ, ಉಳಿದ ಗಟ್ಟಿಗಳನ್ನು ತಾವೇ ಒತ್ತತೊಡಗಿದರು. ಹಾಳೆಗಳು ನೀರುದೋಸೆಯಂತೆ ತೂತು ತೂತಾಗಿ ಬಂದವು. ಬೆನ್ನು ತಿರುಗಿಸಿಯೇ ಮಾತನಾಡಿದರು: “ಲ್ಯಾಬಿನಿಂದ ತೆಗೀತಾರೆ ಅಂತ ಹೆದರಿದ್ದಾ? ಈ ರೋಲರಿಗೆ ಗಾರ್ಡ್ ಇಲ್ಲದ್ದು ನಮ್ಮ ತಪ್ಪು, ಹಾಕಿಸುವ. ಡಿಆರ್‌ಸಿ ನೋಡುದು ನೀವೇ. ರೋಲರ್ ಯಾರಾದರೂ ತಿರುಗಿಸಿಯಾರು. ನೋಡಿ, ನನಗೇ ಬರ್ತದೆ.”

“ಬರುದಿಲ್ಲ ಸಾರ್,” ಎಂದೆ.

ಅಂದು ಸಂಜೆ ಪುತ್ತೂರಿನಲ್ಲಿ ತಜ್ಞೆ ನನ್ನ ನೋಟುಬುಕ್ ಓದಿ, ಅರ್ಧ ಚಕ್ಕೋತದ ಸಾಲುಗಳಿಗೆ ಒಂದೊಂದಾಗಿ ಬೆರಳಿಟ್ಟು, “ನಾನು ಕಷಾಯ ಕೇಳಿದೆ, ಹಣ್ಣು ಕೇಳ್ಲಿಲ್ಲ. ಇನ್ನು ಎಲ್ಲರತ್ರ ಕೇಳ್ತೇನೆ,” ಎಂದರು. ಮಾತ್ರೆ ಬದಲಾಗಲಿಲ್ಲ. ಹಣ್ಣು ನಿಂತದ್ದರಿಂದ ಮಟ್ಟ ಇಳಿದಿರಬೇಕು, ಅದಕ್ಕೇ ಇವತ್ತಿನ ಸೆಳವು, ಈಗ ಅದು ಎಲ್ಲಿ ನಿಲ್ಲುತ್ತದೆ ನೋಡಿ ಡೋಸ್ ನಿರ್ಧರಿಸಬೇಕು. ಅದಕ್ಕೆ ಒಂದು ಷರತ್ತು: ಮುಂದೆ ಸೆಳವು ಬಂದರೆ, ನೋಡಿದವರು ಹೊತ್ತು ಸಮೇತ ಬರೆದು ಕೊಡಬೇಕು. “ನಿಮ್ಮ ನೋಟುಬುಕ್ ಚೆನ್ನಾಗುಂಟು. ಆದರೆ ಆ ಒಂದು ನಿಮಿಷದ್ದು ನೀವು ಬರೀಲಿಕ್ಕೆ ಆಗುದಿಲ್ಲವಲ್ಲ.”

ಶುಕ್ರವಾರ ಅಕ್ಕ ಬಂದರು, ಕೈಯಲ್ಲಿ ಸೀಮಂತದ ಸಿಹಿ, ಜೊತೆಗೆ ಎರಡು ಚಕ್ಕೋತ. ಸಿಪ್ಪೆಗೆ ಚೂರಿ ಹಾಕುವ ಮೊದಲೇ ಹೇಳಿದೆ. ಮೊದಲು ಕಾಯಿಲೆ, ಆಮೇಲೆ ಹಣ್ಣು. ಕಾಯಿಲೆಯನ್ನು ಅವರು ಅಲುಗಾಡದೆ ಕೇಳಿಸಿಕೊಂಡರು. ಹಣ್ಣಿನ ವಿಷಯ ಬಂದಾಗ ಮುಖ ಕೆಂಪಾಯಿತು.

“ಅಂದರೆ ನಾನು ಕೊಟ್ಟದ್ದೇ ನಿಮ್ಮ ಕಣ್ಣಿಗೆ ಹೋದದ್ದಾ?”

“ನಿಮಗೆ ಹೇಗೆ ಗೊತ್ತಾಗ್ಬೇಕು ಅಕ್ಕ? ನಾನು ಸುಳ್ಳು ಹೇಳಿದ್ದೆ.”

“ಪೊರೆ ಬಿಡಿಸಿ ಬಿಡಿಸಿ ಕೊಟ್ಟೆನಲ್ಲ ಮಾರಾಯ್ತಿ!” ಮೇಡಂ ಎಂಬುದು ಮೊದಲ ಸಲ ಅವರ ಬಾಯಿಂದ ಜಾರಿಹೋಗಿತ್ತು. “ಫಿಟ್ಸ್ ಅಂತ ಹೇಳಿದ್ದರೆ ನಾನು ಎಂತ, ಓಡಿ ಹೋಗ್ತಿದ್ದೆನಾ? ನನ್ನ ಹತ್ತಿರವೂ ಮೈಗ್ರೇನಾ?”

ಅವರು ಎರಡು ದಿನ ನನ್ನೊಡನೆ ಕೆಲಸದ ಮಾತು ಬಿಟ್ಟು ಬೇರೆ ಆಡಲಿಲ್ಲ. ಮೂರನೇ ದಿನ ಚಹಾದ ಹೊತ್ತಿಗೆ ಒಂದು ನೇಂದ್ರ ಬಾಳೆಹಣ್ಣನ್ನು ನನ್ನ ಮೇಜಿನ ಮೇಲಿಟ್ಟು, “ಡಾಕ್ಟರತ್ರ ಕೇಳಿ ತಿನ್ನಿ,” ಎಂದು ಆಚೆ ತಿರುಗಿದರು. ಬಾಳೆಹಣ್ಣಿಗೂ ಮಾತ್ರೆಗೂ ಜಗಳವಿಲ್ಲ ಎಂದೆ. “ಬರೆದದ್ದು ತೋರಿಸಿ,” ಎಂದರು. ತೋರಿಸಿದ ಮೇಲೆ ಎದುರು ಕೂತರು. “ಈಗ ಹೇಳಿ. ನಿಮಗೆ ಹಾಗೆ ಆದರೆ ನಾನು ಎಂತ ಮಾಡ್ಬೇಕು? ಕಬ್ಬಿಣ ಹಿಡಿಸುದಾ? ಇಲ್ಲಿ ಕಬ್ಬಿಣಕ್ಕೆ ಬರಗಾಲ ಇಲ್ಲ.”

“ಕಬ್ಬಿಣ ಬೇಡ. ಮೋಟರ್ ನಿಲ್ಲಿಸಿ, ಬಿಸಿನೀರಿನ ಪಾತ್ರೆ ದೂರ ಇಡಿ. ಹಿಡಿದು ಅಲ್ಲಾಡಿಸ್ಬೇಡಿ. ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ ಆಸ್ಪತ್ರೆಗೆ ಫೋನು.”

“ನೀರು ಕುಡಿಸುದು?”

“ಎಚ್ಚರ ಆಗುವವರೆಗೆ ಬೇಡ.”

“ಸುಮ್ಮನೆ ನೋಡ್ತಾ ಕೂರುದಾ? ಅದು ಕಷ್ಟದ ಕೆಲಸ,” ಎಂದರು. “ಬರೆದು ಅಂಟಿಸಿ, ನನಗೆ ಮರೆತುಹೋಗ್ತದೆ.” ಡಿಆರ್‌ಸಿ ಪರೀಕ್ಷೆಯ ಹಂತಗಳನ್ನು ಬರೆದ ಹಾಳೆಯ ಪಕ್ಕದಲ್ಲಿ, ಅದೇ ಅಳತೆಯ ಅಕ್ಷರಗಳಲ್ಲಿ ಬರೆದು ಅಂಟಿಸಿದೆ. ಹಾಲು ತರುವವರಲ್ಲಿ ಕೆಲವರು ಅದನ್ನು ಓದುವುದನ್ನು ಕಂಡಿದ್ದೇನೆ. ಮೊದಲ ದಿನ ಮೈ ಬಿಸಿಯಾಯಿತು. ಆಮೇಲೆ ಅಭ್ಯಾಸವಾಯಿತು. ಈ ವಿಷಯ ಅಮ್ಮನಿಗೆ ಹೇಳಿದಾಗ ಅವರು, “ಆ ಅಕ್ಕನಿಗೆ ನನ್ನ ನಂಬರ್ ಕೊಡು,” ಎಂದರು.

ಹನ್ನೆರಡು ದಿನಗಳ ನಂತರ ಸೆಳವು ಬಂತು. ನನಗೆ ತಿಳಿದಿರುವುದು ಇಷ್ಟು: ನಾನು ಆಮ್ಲದ ಬಾಟಲಿಗೆ ಮುಚ್ಚಳ ಹಾಕಿದ್ದೆ. ಆಮೇಲೆ ಅಕ್ಕ ಎದುರಿನ ಸ್ಟೂಲಿನಲ್ಲಿ ಕೂತಿದ್ದರು, ಮೋಟರ್ ನಿಂತಿತ್ತು, ಅವರ ಕೈಯಲ್ಲಿ ನನ್ನ ಪೆನ್ನು ಇತ್ತು.

ಆ ಗುರುವಾರ ಅವರು ಬರೆದ ಹಾಳೆಯನ್ನು ತಜ್ಞೆಗೆ ಕೊಟ್ಟೆ. ಅಕ್ಕ ಏಳನೇ ತರಗತಿಗೆ ಶಾಲೆ ಬಿಟ್ಟವರು. ಅಕ್ಷರಗಳು ಒಂದಕ್ಕೊಂದು ತಾಗಿದ್ದವು. “ನೀವೇ ಓದಿ ಹೇಳಿ,” ಎಂದು ತಜ್ಞೆ ಹಿಂದಿರುಗಿಸಿದರು. ಓದಿದೆ.

“ಹತ್ತು ಗಂಟೆ ನಲವತ್ತು. ಕರೆದರೆ ಮೇಡಂ ಓ ಎನ್ನಲಿಲ್ಲ. ಮೋಟರ್ ನಿಲ್ಲಿಸಿದೆ. ಬಲಗೈಯಲ್ಲಿ ಏಪ್ರನ್ ಉಜ್ಜಿದರು. ಎಡಗೈ ಸುಮ್ಮನೆ ಇತ್ತು. ಬಾಯಿ ಚಪ್ಪರಿಸಿದರು, ಚಕ್ಕೋತ ತಿಂದ ಹಾಗೆ. ನಾನು ಕೊಟ್ಟದ್ದಲ್ಲ. ಮುಟ್ಟಲಿಲ್ಲ. ಕಬ್ಬಿಣ ಕೊಡಲಿಲ್ಲ. ಹತ್ತು ನಲವತ್ತೊಂದಾಗಿ ಸ್ವಲ್ಪಕ್ಕೆ ನನ್ನನ್ನು ನೋಡಿದರು. ಗುರುತು ಸಿಕ್ಕಲು ಇನ್ನೆರಡು ನಿಮಿಷ.”

ತಜ್ಞೆ ನಗುತ್ತಲೇ ಹೊತ್ತುಗಳನ್ನು ಫೈಲಿಗೆ ಬರೆದುಕೊಂಡರು, ಯಾವ ಕೈ ಎಂಬುದನ್ನೂ ಬರೆದುಕೊಂಡರು. ಸಂಜೆಯ ಮಾತ್ರೆಯನ್ನು ನೂರು ಏರಿಸಿದರು. ಇಷ್ಟು ಚೆನ್ನಾಗಿ ಯಾರೂ ಬರೆದು ತರುವುದಿಲ್ಲ ಎಂದರು. ನಾನು ಹಾಳೆ ಮಡಚತೊಡಗಿದೆ.

“ಕೆಳಗೆ ಇನ್ನೂ ಎಂತದೋ ಉಂಟಲ್ಲ?”

“ಅದು ರೋಗದ ವಿವರ ಅಲ್ಲ ಡಾಕ್ಟರ್.”

“ಆದರೂ ಓದಿ.”

ಹಾಳೆಯನ್ನು ಪುನಃ ಬಿಡಿಸಿದೆ. ಕೊನೆಯ ಸಾಲನ್ನು ಓದಿದೆ: “ಅಷ್ಟು ಹೊತ್ತು ಮೇಡಂ ಇಲ್ಲಿ ಇರಲಿಲ್ಲ. ನಾನು ಇದ್ದೆ.”